ಸದ್ದಾಗದ ಗಿಟಾರು

"ಇದರ ಸಪ್ಪಳ ಎಷ್ಟು ಕಡಿಮಿ ಬರ್ತದ್ರಿ?"

ಹುಮನಾಬಾದಿನ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿದ್ದ ಆ ಪುಟ್ಟ ರೇಡಿಯೋ ಅಂಗಡಿಗೆ ಕಾಲಿಟ್ಟ ಶಕುಂತಲಾ ಮೊದಲು ಕೇಳಿದ್ದೇ ಈ ಪ್ರಶ್ನೆ.

ಸೋಲ್ಡರಿಂಗ್ ಕಡ್ಡಿ ಹಿಡಿದು ಯಾರದೋ ರೇಡಿಯೋದ ಹೊಟ್ಟೆಯೊಳಗೆ ಬಗ್ಗಿ ಕುಳಿತಿದ್ದ ದಿಗಂಬರ ತಲೆ ಎತ್ತಿದ. ಮದುವೆಗೆಂದು ಅವನ ಮೈಕ್ ಸೆಟ್ಟು ಬಾಡಿಗೆಗೆ ಒಯ್ಯುವವರೆಲ್ಲ ಮೂರು ಓಣಿಗೆ ಕೇಳಿಸಬೇಕು, ಊರಿಗೇ ಕೇಳಿಸಬೇಕು ಎನ್ನುತ್ತಿದ್ದರು. ಕಡಿಮೆ ಸಪ್ಪಳ ಬೇಕೆಂದವರು ಎಂಟು ವರ್ಷಗಳಲ್ಲಿ ಇವಳೊಬ್ಬಳೇ.

ಎದುರಿಗಿದ್ದವಳಿಗೆ ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಬಣ್ಣ ಮಾಸಿದ ಸೀರೆ, ಬರಿಗೈ, ಹಣೆಯ ಮೇಲೆ ಕುಂಕುಮವಿಲ್ಲದೆ ಬರೀ ವಿಭೂತಿ. ಅವಳ ಕಣ್ಣು ಗೋಡೆಗೆ ತೂಗುಹಾಕಿದ್ದ ಮೂರು ಎಲೆಕ್ಟ್ರಿಕ್ ಗಿಟಾರುಗಳ ಮೇಲಿತ್ತು. ಸೋಲಾಪುರದ ಆರ್ಕೆಸ್ಟ್ರಾವೊಂದು ಒಡೆದುಹೋದಾಗ ಅವನು ತಂದಿಟ್ಟ ಹಳೆಯ ಮಾಲು ಅದು.

"ಯಾರಿಗೆ ಬೇಕಾಗಿತ್ರಿ?"

"ನನಗ."

ಹೆಣ್ಣುಮಕ್ಕಳಿಗೆ ಇದ್ಯಾಕೆ ಎಂದು ಅವನು ಕೇಳುತ್ತಾನೆ, ತಾನು ತಿರುಗಿ ಹೋಗಿಬಿಡಬೇಕು ಎಂದು ಅವಳು ಒಂದು ಹೆಜ್ಜೆ ಹಿಂದಿಟ್ಟೇ ನಿಂತಿದ್ದಳು. ಅವನು ಕೇಳಲಿಲ್ಲ. ಎದ್ದು ಕೈಯೊರೆಸಿಕೊಂಡು, ಅವಳು ಬೆರಳು ತೋರಿಸಿದ ಕೆಂಪು ಗಿಟಾರನ್ನು ಇಳಿಸಿದ.

ಕನ್ನಡಿಯಂತೆ ಹೊಳೆಯುತ್ತಿದ್ದ ಗಿಟಾರು. ಅವಳಿಗೆ ಅದರ ಮೇಲೇ ಮನಸ್ಸು. ಆದರೆ ಅವನು ಅದನ್ನು ಕೊಡುವ ಬದಲು, ಒಂದು ಕಣ್ಣು ಮುಚ್ಚಿ ಅದರ ಕತ್ತಿನ ಉದ್ದಕ್ಕೂ ನೋಡಲು ಹೇಳಿದ. ನೋಡಿದಳು. ಉದ್ದನೆಯ ಕತ್ತು ನಡುವೆ ಸಣ್ಣಗೆ ಬಾಗಿತ್ತು. ಹೀಗೆ ಬಾಗಿದರೆ ತಂತಿ ಮೇಲೆದ್ದು ಒತ್ತುವ ಬೆರಳು ಹರಿದುಹೋಗುತ್ತವೆ, ಇದರ ಅರ್ಧ ಬೆಲೆ ಬಣ್ಣಕ್ಕೇ ಹೋಗಿದೆ ಎಂದ ಅವನು. ಎರಡನೆಯದರ ಹೊಟ್ಟೆ ಪೊಳ್ಳು. ಕರೆಂಟಿಲ್ಲದಿದ್ದರೂ ಅದರ ಸದ್ದು ಬೀದಿಗೆ ಹೋಗುತ್ತಿತ್ತು. ಅವಳು ಬೇಡವೆಂದು ತಲೆಯಾಡಿಸಿದಳು.

ಮೂರನೆಯದು ಕಂದು ಬಣ್ಣದ್ದು. ವಾರ್ನಿಶ್ ಎದ್ದು ಅಲ್ಲಲ್ಲಿ ಕಟ್ಟಿಗೆ ಕಾಣುತ್ತಿತ್ತು.

"ಇದು ನೋಡಾಕ ಚಂದಿಲ್ರಿ, ಖರೇ ಹೇಳ್ತೀನಿ," ಎಂದ ದಿಗಂಬರ. "ಆದ್ರ ಗಟ್ಟಿ ಕಟ್ಟಿಗಿ. ಕತ್ತು ನೆಟ್ಟಗ ಅದ. ತಂತಿ ಬಿಗಿಯೋ ಕಿವಿ ಜಾರಂಗಿಲ್ಲ. ಒಳಗಿನ ವಾಯರ್ ನಾನೇ ಹೊಸದು ಹಾಕೀನಿ. ಮೊದಲನೇ ಗಿಟಾರಿಗೆ ಇಷ್ಟು ಬರೋಬ್ಬರಿ ಇದ್ರ ಸಾಕು."

ಶಕುಂತಲಾ ಸ್ಟೂಲಿನ ಮೇಲೆ ಕುಳಿತು ಅದನ್ನು ತೊಡೆಗಾನಿಸಿಕೊಂಡಳು. ಗುಲಬರ್ಗಾದಲ್ಲಿ ಪಿಯುಸಿ ಓದುವಾಗ ಹಾಸ್ಟೆಲ್ಲಿನ ಗೆಳತಿ ಮಲಿಕಾ ತನ್ನ ಗಿಟಾರಿನ ಮೇಲೆ ನಾಲ್ಕು ತಿಂಗಳು ಕಲಿಸಿದ್ದಳು. ಆರು ವರ್ಷವಾಗಿತ್ತು. ಆದರೂ ಎಡಗೈಯ ಮೂರು ಬೆರಳು ತಾವಾಗಿಯೇ ಹೋಗಿ ಮೂರು ತಂತಿಗಳ ಮೇಲೆ ಕೂತವು. ಬಲಗೈಯಿಂದ ಎಳೆದಳು. ಮುಚ್ಚಿದ ಬೆಂಕಿಪೊಟ್ಟಣದೊಳಗೆ ನೊಣ ಗುಂಯ್‌ಗುಟ್ಟಿದಷ್ಟೇ ಸದ್ದು.

*ಸಾಕು… ಇಷ್ಟೇ ಸಾಕು. ನನ್ನ ಕಿವಿಗೆ ಕೇಳಿದರೆ ಆಯಿತು.*

ಆಂಪ್ಲಿಫೈಯರ್ ಡಬ್ಬಿ ಇಲ್ಲದಿದ್ದರೆ ಇದು ಮೂಕ, ಅದನ್ನೂ ಒಯ್ಯಬೇಕಾಗುತ್ತದೆ ಎಂದು ಅವನು ತಿಳಿಸಿದ.

"ಡಬ್ಬಿ ಬ್ಯಾಡ್ರಿ. ಮನ್ಯಾಗ ವಯಸ್ಸಾದವ್ರು ಅದಾರ. ಅವರ ನಿದ್ದಿ ಕೆಡಬಾರದು," ಎಂದಳು ಶಕುಂತಲಾ.

ಮಾತು ನಿಜವೇ. ಅರ್ಧ ನಿಜ. ಎಂಥ ಸೊಸೆ, ಎಷ್ಟು ಕಾಳಜಿ ಎಂದುಕೊಂಡ ದಿಗಂಬರ. ಅವಳು ಗಿಟಾರನ್ನು ಯಾರಿಗೂ ಗೊತ್ತಾಗದಂತೆ ಒಯ್ಯುತ್ತಿದ್ದಾಳೆಂಬುದು ಅವನಿಗೆ ಹೊಳೆಯಲೇ ಇಲ್ಲ. ಮೂರು ವರ್ಷ ಓಣಿಯ ಹೆಂಗಸರ ಕುಪ್ಪಸ ಹೊಲಿದು ಕೂಡಿಸಿದ ನಾನೂರು ರೂಪಾಯಿಯಲ್ಲಿ ಕಂದು ಗಿಟಾರೂ ಬಂತು, ಒಂದು ಜೊತೆ ಹೊಸ ತಂತಿಯೂ ಬಂತು.

ಅದೇ ಊರಿನ ತವರುಮನೆಯಲ್ಲಿ ಅವಳು ಅದನ್ನು ದಪ್ಪನೆಯ ಕೌದಿಯೊಳಗೆ ಸುತ್ತಿ ಹಗ್ಗ ಬಿಗಿದಳು. ಸಂಜೆ ಬಸವಕಲ್ಯಾಣದಲ್ಲಿ ಬಸ್ಸಿಳಿದಾಗ ಮಾವ ಬಕ್ಕಪ್ಪ ಎಂದಿನಂತೆ ನಿಲ್ದಾಣಕ್ಕೆ ಬಂದು ಕಾಯುತ್ತಿದ್ದರು. ಗಂಟನ್ನು ಅವಳ ಕೈಯಿಂದ ತೆಗೆದುಕೊಂಡು ತಾವೇ ಹೆಗಲಿಗೇರಿಸಿದರು. ಚಳಿಗಾಲಕ್ಕೆ ನಿಮ್ಮವ್ವ ಒಳ್ಳೇ ಭಾರದ ಕೌದಿ ಕೊಟ್ಟಾಳೆ ಎಂದರು. ಮನೆ ಮುಟ್ಟುವವರೆಗೂ ಶಕುಂತಲಾ ಆ ಗಂಟನ್ನೇ ನೋಡುತ್ತ ಅವರ ಹಿಂದೆ ನಡೆದಳು.

*

ಆ ಮನೆಯಲ್ಲಿ ಅವಳನ್ನು ಯಾರೂ ಬೈಯುತ್ತಿರಲಿಲ್ಲ. ಬೈದಿದ್ದರೆ ತಿರುಗಿ ಮಾತಾಡಬಹುದಿತ್ತು.

ಮದುವೆಯಾಗಿ ಹನ್ನೊಂದು ತಿಂಗಳಿಗೆ ಗಂಡ ಬಸವಣಪ್ಪ ಕಾಮಾಲೆಯಾಗಿ ತೀರಿಕೊಂಡಿದ್ದ. ಒಬ್ಬನೇ ಮಗ. ಆವತ್ತಿನಿಂದ ಬಟ್ಟೆ ಅಂಗಡಿಯ ಬಕ್ಕಪ್ಪ ಮತ್ತು ಅತ್ತೆ ಸೂಗಮ್ಮ ಸೊಸೆಯನ್ನು ಎರಡೂ ಕೈಯಲ್ಲಿ ಅವಚಿ ಹಿಡಿದಿದ್ದರು. ಅವಳು ಉಣ್ಣದೆ ಅವರು ಉಣ್ಣುತ್ತಿರಲಿಲ್ಲ. ಅವಳು ಬಾವಿಕಟ್ಟೆಗೆ ಹೋದರೆ ಸೂಗಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಹುಮನಾಬಾದಿಗೆ ತಾಯಿಯನ್ನು ನೋಡಲು ತಿಂಗಳಿಗೊಮ್ಮೆ ಹೋಗಬಹುದು, ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರಬೇಕು. ಮಗ ಹೋದ ದಿನ ಬಂದ್ ಮಾಡಿದ ರೇಡಿಯೋ ಗೂಡಿನಲ್ಲಿ ಹಾಗೆಯೇ ಇತ್ತು. ನಕ್ಕರೆ ತಪ್ಪೆಂದು ಯಾರೂ ಹೇಳಿರಲಿಲ್ಲ. ಆದರೆ ಅವಳು ಒಮ್ಮೆ ನಕ್ಕಾಗ ಇಬ್ಬರೂ ಬೆಚ್ಚಿ ನೋಡಿದ್ದರು.

ಮಾಳಿಗೆಯ ಮೇಲಿನ ಕೋಣೆ ಅವಳದು. ಒಂದೇ ಕಿಟಕಿ. ತೆರೆದರೆ ಮೂರು ಮೊಳ ದೂರದಲ್ಲಿ ಪಕ್ಕದ ಮನೆಯ ಗೋಡೆ.

*ಇವರು ಕೆಟ್ಟವರಲ್ಲ. ಆದರೆ ನಾನು ಮುದುಕಿಯಾಗುವವರೆಗೂ ಈ ಗೋಡೆಯನ್ನೇ ನೋಡಬೇಕಾ?*

ಮಧ್ಯಾಹ್ನ ಬಕ್ಕಪ್ಪ ಅಂಗಡಿಯಿಂದ ಬಂದು ಉಂಡು ಮಲಗುತ್ತಿದ್ದರು. ಸೂಗಮ್ಮನೂ ಅಡ್ಡಾಗುತ್ತಿದ್ದರು. ಆ ಒಂದೂವರೆ ಗಂಟೆ ಶಕುಂತಲಾ ಬಾಗಿಲು ಮುಚ್ಚಿ, ಕೌದಿ ಬಿಚ್ಚಿ, ಗಿಟಾರಿನ ಮೇಲೆ ಕಿವಿಯಿಟ್ಟು ಬಾರಿಸುತ್ತಿದ್ದಳು. ಬೆರಳ ತುದಿ ಮೊದಲು ಕೆಂಪಾದವು, ಆಮೇಲೆ ಗಟ್ಟಿಯಾದವು. ಆ ಗಟ್ಟಿಯನ್ನು ಅವಳು ಹೆಬ್ಬೆರಳಿನಿಂದ ಸವರಿಕೊಳ್ಳುತ್ತ ರೊಟ್ಟಿ ಬಡಿಯುತ್ತಿದ್ದಳು. ಮನೆಯಲ್ಲಿ ತನ್ನದು ಅಂತ ಇದ್ದುದು ಅದೊಂದೇ.

ಮುಂದಿನ ತಿಂಗಳು ಒಂದು ತಂತಿ ಹರಿದಿದೆಯೆಂದು ಅಂಗಡಿಗೆ ಹೋದಳು. ತಂತಿ ಹರಿದಿದ್ದು ನಿಜ. ಆದರೆ ಹೊಸ ಜೊತೆ ಇನ್ನೂ ಮನೆಯಲ್ಲೇ ಇತ್ತು ಎಂಬುದನ್ನು ಅವಳು ಹೇಳಲಿಲ್ಲ.

ಅಂಗಡಿಯ ಹಿಂದೆಯೇ ದಿಗಂಬರನ ಮನೆ. ಅವನ ಅಕ್ಕ ಮಾಣಿಕಮ್ಮ ಬಾಗಿಲಲ್ಲಿ ಕುಳಿತು ಶೇಂಗಾ ಬಿಡಿಸುತ್ತಿದ್ದಳು. ಅಕ್ಕನ ಎದುರಿಗೇ ದಿಗಂಬರ ಗೋಡೆಯ ಗಿಟಾರೊಂದನ್ನು ಇಳಿಸಿ, ಶಕುಂತಲಾಗೆ ಹೊಸ ತಂತಿ ಕಟ್ಟುವ ರೀತಿ ತೋರಿಸಿಕೊಟ್ಟ. ಹೊರಡುವಾಗ ಒಂದು ಸಾಬೂನಿನ ಡಬ್ಬಿಯನ್ನು ಮುಂದೆ ಚಾಚಿದ. ಒಳಗೆ ಬ್ಯಾಟರಿ, ಎರಡು ಪುಟ್ಟ ಟ್ರಾನ್ಸಿಸ್ಟರು. ಹೊರಗೆ ಕಿವಿಗೆ ಇಟ್ಟುಕೊಳ್ಳುವ ಒಂದು ಗುಂಡಿ.

"ಗಿಟಾರಿಗೆ ಹಚ್ಚಿ ಕಿವ್ಯಾಗ ಇಟ್ಕೋರಿ. ಪೂರಾ ಸಪ್ಪಳ ನಿಮಗೊಬ್ಬರಿಗೇ ಕೇಳ್ತದ. ಮನ್ಯಾನವ್ರ ನಿದ್ದಿ ಕೆಡಂಗಿಲ್ಲ."

ಎಷ್ಟು ಕೊಡಬೇಕು ಎಂದು ಅವಳು ಕೇಳಿದ್ದಕ್ಕೆ, ಹಾಳಾದ ರೇಡಿಯೋಗಳಿಂದ ತೆಗೆದ ಸಾಮಾನು, ಅದಕ್ಕೆ ಕಿಮ್ಮತ್ತು ಎಲ್ಲಿಂದ ಕಟ್ಟಲಿ ಎಂದು ಮುಖ ತಿರುಗಿಸಿ ರೇಡಿಯೋದೊಳಗೆ ಬಗ್ಗಿಬಿಟ್ಟ. ಹಿಂದಿನ ನಾಲ್ಕು ರಾತ್ರಿ ಅವನು ಅದನ್ನೇ ಕಟ್ಟುತ್ತ ಕುಳಿತಿದ್ದನೆಂದು ಮಾಣಿಕಮ್ಮ ಶೇಂಗಾ ಬಿಡಿಸುತ್ತಲೇ ಹೇಳಿದಳು.

ಮರುದಿನ ಮಧ್ಯಾಹ್ನ ಶಕುಂತಲಾ ಗುಂಡಿಯನ್ನು ಕಿವಿಗಿಟ್ಟು ಒಂದು ತಂತಿ ಮೀಟಿದಳು.

ತಲೆಯ ತುಂಬ, ಎದೆಯ ತುಂಬ ನಾದ… ಕೆಳಗೆ ಬಕ್ಕಪ್ಪನ ಗೊರಕೆ ನಡೆದೇ ಇತ್ತು. ಅವಳಿಗೆ ಅಳು ಬಂತು. ತನಗೆ ಏನು ಬೇಕು ಎಂದು ಯೋಚಿಸಿ ಯಾರಾದರೂ ಏನಾದರೂ ಮಾಡಿಕೊಟ್ಟು ಎಷ್ಟು ದಿನವಾಗಿತ್ತು!

ಹೀಗೆ ಮತ್ತೆ ಮೂರು ತಿಂಗಳು. ತಿಂಗಳಿಗೊಮ್ಮೆ ಅರ್ಧ ಗಂಟೆ. ಮಾತಿನ ನಡುವೆ ಅವಳ ಊರು, ಅತ್ತೆ ಮಾವನ ಮನೆ ಅವನಿಗೆ ತಿಳಿಯಿತು. ಒಂದು ಸಲ ಅವನು ಅವಳ ಬೆರಳ ತುದಿ ನೋಡಿ, ಈಗ ಕೈ ಪಕ್ಕಾ ಆಯಿತು ಎಂದ. ಇನ್ನೊಂದು ಸಲ ಅವಳು ನಕ್ಕಳು. ಅವನು ಬೆಚ್ಚಲಿಲ್ಲ, ತಾನೂ ನಕ್ಕ. ಬಸ್ಸಿನಲ್ಲಿ ಕೂತು ಆ ನಗುವನ್ನೇ ನೆನೆಯುತ್ತಿದ್ದವಳು ತನಗೆ ತಾನೇ ಹೆದರಿದಳು.

*ಇದು ತಂತಿಗಾಗಿ ಹೋಗುವುದಲ್ಲ… ನನಗೆ ಗೊತ್ತು. ಅವನಿಗೂ ಗೊತ್ತೇನೋ.*

*

ಫಾಲ್ಗುಣದ ಒಂದು ಮಧ್ಯಾಹ್ನ ಅವಳು ಹಿತ್ತಲಿನ ಬಾವಿಯಿಂದ ನೀರು ಹೊತ್ತು ಬಂದಾಗ ಬಕ್ಕಪ್ಪ ಪಡಸಾಲೆಯಲ್ಲಿ ಕುಳಿತಿದ್ದರು. ಎದುರಿನ ಮಂಚದ ಮೇಲೆ ಗಿಟಾರು, ಅದರ ಪಕ್ಕದಲ್ಲಿ ಸಾಬೂನಿನ ಡಬ್ಬಿ.

ಕೊಡ ಅವಳ ಸೊಂಟದಿಂದ ಜಾರಿತು.

ಬಕ್ಕಪ್ಪ ದನಿ ಏರಿಸಲಿಲ್ಲ. "ಹುಮನಾಬಾದಿನ ರೇಡಿಯೋದಂವ ಬಂದಿದ್ದ. ಈ ಗಿಟಾರದ ಸುದ್ದಿ ಎಲ್ಲಾ ಹೇಳಿ ಹೋದ. ಐದು ತಿಂಗಳು ನಮ್ಮ ಕಣ್ಣಿಗೆ ಮಣ್ಣು ಹಾಕಿದಿ ಅವ್ವಾ ನೀ."

ಅಷ್ಟೇ ಹೇಳಿದರು. ಗಿಟಾರನ್ನು ಒಯ್ದು ಕಬ್ಬಿಣದ ಅಲಮಾರಿಯಲ್ಲಿಟ್ಟು ಕೀಲಿ ಹಾಕಿ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು. ಇನ್ನು ಮೇಲೆ ನಿಮ್ಮವ್ವನನ್ನೇ ಇಲ್ಲಿಗೆ ಕರೆಸುತ್ತೇನೆ, ನೀನು ಹುಮನಾಬಾದಿಗೆ ಹೋಗುವುದು ಬೇಡ ಎಂದು ಹೇಳಿ ಅಂಗಡಿಗೆ ಹೊರಟುಹೋದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೂಗಮ್ಮ ಏನೋ ಹೇಳಲು ಬಾಯಿ ತೆರೆದವರು ಒಳಗೆ ಸರಿದರು.

ಆ ದಿನ ಶಕುಂತಲಾಗೆ ಗಿಟಾರು ಹೋದುದಕ್ಕಿಂತ ಹೆಚ್ಚು ಉರಿದದ್ದು ದಿಗಂಬರನ ಮೇಲೆ.

*ಯಾಕೆ ಬಂದ? ಯಾಕೆ ಹೇಳಿದ? ಮೋಜಿಗಾ? ನನ್ನ ಒಂದೇ ಒಂದು ಕಿಟಕಿಯನ್ನು ತೆರೆದವನೇ ಬಂದು ಮೊಳೆ ಹೊಡೆದು ಹೋದನಲ್ಲ…*

ಗುಟ್ಟು ಎಂದು ತಾನೇ ಅವನಿಗೆ ಹೇಳಿರಲಿಲ್ಲ ಎಂಬುದು ನೆನಪಾಯಿತು. ಆದರೂ ಸಿಟ್ಟು ಇಳಿಯಲಿಲ್ಲ. ಕೆಲಸ ಬಿಟ್ಟು ಒಂದು ಗಂಟೆ ಬಸ್ಸಿನಲ್ಲಿ ಕೂತು ಚಾಡಿ ಹೇಳಲು ಬರುವವನು ಎಂಥ ಮನುಷ್ಯ?

ಬೇಸಿಗೆ ಬಂತು. ಮಾಳಿಗೆಯ ಕೋಣೆ ಕಾದ ಹಂಚಿನಂತಾಯಿತು. ತಾಯಿ ಎರಡು ಸಲ ಬಂದು ಹೋದಳು. ದಿಗಂಬರನ ಹೆಸರನ್ನು ಅವಳೂ ಎತ್ತಲಿಲ್ಲ, ಶಕುಂತಲಾಳೂ ಕೇಳಲಿಲ್ಲ. ಹೊಲಿಗೆ ಯಂತ್ರ ಇದ್ದಲ್ಲೇ ಇತ್ತು. ಅವಳು ಕುಪ್ಪಸ ಹೊಲಿಯುವುದನ್ನು ಬಿಟ್ಟಿದ್ದಳು. ಮಧ್ಯಾಹ್ನ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಕರೆದರೆ ಏಳುತ್ತಿದ್ದಳು, ಬಡಿಸಿದರೆ ಉಣ್ಣುತ್ತಿದ್ದಳು. ಬೆರಳ ತುದಿಯ ಗಟ್ಟಿ ಚರ್ಮ ಒಂದೊಂದಾಗಿ ಎದ್ದು ಹೋಯಿತು. ಅದನ್ನು ಸೂಗಮ್ಮ ನೋಡುತ್ತಲೇ ಇದ್ದರು.

*

ಶ್ರಾವಣದ ಸೋಮವಾರ. ಅತ್ತೆ ಸೊಸೆ ಮೊರ ಮುಂದಿಟ್ಟುಕೊಂಡು ತೊಗರಿಬೇಳೆ ಆರಿಸುತ್ತಿದ್ದರು. ಹೊರಗೆ ಜಿಟಿಜಿಟಿ. ಸೂಗಮ್ಮನ ಕೈ ನಿಂತಿತು.

"ಶಕ್ಕೂ… ಆ ಹುಡುಗ ಗಿಟಾರದ ಸುದ್ದಿ ಹೇಳಾಕ ಬಂದಿದ್ದಿಲ್ಲ."

ಶಕುಂತಲಾ ಬೇಳೆಯಿಂದ ಕಣ್ಣೆತ್ತಲಿಲ್ಲ.

"ಲಗ್ನಕ್ಕ ನಿನ್ನ ಕೇಳಾಕ ಬಂದಿದ್ದ."

"ಏನಂದ್ರಿ ಅತ್ತಿ?"

"ನಾ ಒಳಗ ಒಲಿ ಮುಂದ ಇದ್ದೆ. ಎಲ್ಲಾ ಕೇಳಿದೆ. ಆಕಿ ನಿಮ್ಮ ಮನ್ಯಾಗ ಅದಾಳ, ಅದಕ್ಕ ತವರಿನವ್ರಕಿಂತ ಮೊದಲ ನಿಮಗ ಕೇಳಬೇಕು ಅಂತ ಬಂದೀನಿ ಅಂದ. ಆಕಿ ಒಪ್ಪಿದ್ರ ಮಾತ್ರ, ನೀವ್ ಆಶೀರ್ವಾದ ಮಾಡಿದ್ರ ಮಾತ್ರ ಅಂದ. ನಿಮ್ಮ ಮಾವಾರು, ನಿನಗ ಆಕಿ ಹ್ಯಾಂಗ ಪರಿಚಯ ಅಂದ್ರು. ಆವಾಗ ಬಾಯಿಗೆ ಬಂತು ಗಿಟಾರದ ಮಾತು. ನಮಗ ಗೊತ್ತಿಲ್ಲ ಅಂತ ಅವನಿಗೂ ಗೊತ್ತಿದ್ದಿಲ್ಲ. ಗೊತ್ತಾದ ಮ್ಯಾಲೆ ಮಾರಿ ಸಣ್ಣದ ಮಾಡಿ ಕುಂತ."

ಶಕುಂತಲಾಳ ಕೈಯಲ್ಲಿದ್ದ ಬೇಳೆ ಜಾರಿ ನೆಲಕ್ಕೆ ಬಿತ್ತು.

"ಮಾವಾರು ಅವರಿಗೆ ಏನ್ ಹೇಳಿದ್ರಿ?"

ಸೂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಒಳಗ ಹೋಗಿ ಬಂದ್ರು. ನೀ ಹಿತ್ತಲದಾಗಿದ್ದಿ. ಆಕಿಗೆ ಕೇಳಿದೆ, ಆಕಿ ಒಲ್ಲೆ ಅಂದ್ಳು, ಇನ್ನೊಮ್ಮೆ ಬರಬ್ಯಾಡ ಅಂದ್ರು. ನಾ ಸುಮ್ಮನಿದ್ದೆ ಅವ್ವಾ. ಐದು ತಿಂಗಳು ಸುಮ್ಮನಿದ್ದೆ. ನೀ ಹೋದ್ರ ನಾ ಯಾರಿಗೆ ರೊಟ್ಟಿ ಬಡೀಲಿ ಅಂತ ಹೆದರಿದ್ದೆ. ಈಗ ನೋಡಿದ್ರ… ನೀ ಇಲ್ಲೇ ಕುಂತಿ, ಆದ್ರ ನೀ ಇಲ್ಲ."

ಹೇಳಿದ ಸೂಗಮ್ಮ ಅತ್ತರು. ಶಕುಂತಲಾ ಅಳಲಿಲ್ಲ. ಐದು ತಿಂಗಳು ತಾನು ಮನಸ್ಸಿನಲ್ಲೇ ಆ ಮನುಷ್ಯನಿಗೆ ಹಾಕಿದ ಶಾಪಗಳೆಲ್ಲ ಒಂದೊಂದಾಗಿ ನೆನಪಾಗುತ್ತಿದ್ದವು. ಅತ್ತ ಅವನು, ತಾನು ಒಲ್ಲೆ ಎಂದೆನೆಂದು ನಂಬಿ ಕೂತಿದ್ದಾನೆ… ಅವಳು ಎದ್ದು, ಮಳೆಯಲ್ಲೇ ನಡೆದು ನೇರ ಬಟ್ಟೆ ಅಂಗಡಿಗೆ ಹೋದಳು. ನಾಲ್ಕು ವರ್ಷಗಳಲ್ಲಿ ಅವಳು ಆ ಬೀದಿಯಲ್ಲಿ ಒಬ್ಬಳೇ ನಡೆದದ್ದು ಅದೇ ಮೊದಲು.

ಬಕ್ಕಪ್ಪ ತಾವು ಮಡಚುತ್ತಿದ್ದ ಪಾತಳದ ಸೀರೆಯಿಂದ ಕಣ್ಣೆತ್ತಿ, ತೊಯ್ದು ನಿಂತ ಸೊಸೆಯನ್ನು ನೋಡಿದರು. ಅವಳ ಮುಖ ನೋಡಿದೊಡನೆ ಅವರಿಗೆ ತಿಳಿಯಿತು.

"ಮಾವಾರ, ನನಗ ಕೇಳದ ನನ್ನ ಉತ್ತರ ನೀವ್ ಯಾಕ ಕೊಟ್ರಿ?"

ಬಕ್ಕಪ್ಪ ಪಾತಳವನ್ನು ಬಿಚ್ಚಿ ಮತ್ತೆ ಮಡಚಿದರು.

"ನೀ ಹೋದ್ರ ಆ ಮನ್ಯಾಗ ಬಸವಣಪ್ಪನ ಹೆಸರು ತಗೊಳಾವ್ರು ಯಾರವ್ವಾ? ನಾವಿಬ್ರು ಒಬ್ಬರಿಗೊಬ್ಬರು ಅವನ ಹೆಸರು ಹೇಳಂಗಿಲ್ಲ. ಹೇಳಿದ್ರ ತಡಕೊಳ್ಳಾಕ ಆಗಂಗಿಲ್ಲ. ನೀ ಒಬ್ಬಾಕಿ ಕಣ್ಮುಂದ ಇದ್ರ… ಅಂವ ಅದಾನ ಅನಸ್ತದ."

ಬೈಯಲೆಂದೇ ಬಂದಿದ್ದಳು ಶಕುಂತಲಾ. ಆದರೆ ಅವಳು ಮೆಲ್ಲಗೆ ಹೇಳಿದಳು, "ಅವರ ಹೆಸರು ನಾ ಎಲ್ಲಿದ್ರೂ ತಗೋತೀನಿ ಮಾವಾರ. ಆದ್ರ ಅವರ ಜೋಡಿ ನನ್ನೂ ಮಣ್ಣು ಮಾಡಬ್ಯಾಡ್ರಿ."

ಅಂಗಡಿಯ ಮುಂದೆ ಒಂದು ಟಾಂಗಾ ಹಾದುಹೋಯಿತು. ಬಕ್ಕಪ್ಪ ಉಡಿದಾರದ ಗಂಟು ಬಿಚ್ಚಿ ಅಲಮಾರಿಯ ಕೀಲಿಯನ್ನು ಗಲ್ಲಾ ಪೆಟ್ಟಿಗೆಯ ಮೇಲಿಟ್ಟರು. ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಗೋಡೆಯ ಕಡೆ ಮುಖ ತಿರುಗಿಸಿ ಕುಳಿತರು.

ಮರುದಿನ ಬೆಳಗಿನ ಬಸ್ಸಿಗೆ ಸೂಗಮ್ಮ ತಾವೇ ಸೊಸೆಯ ಜೊತೆ ಹೊರಟರು. ಪೆಟ್ಟಿಗೆಯ ತಳದಿಂದ ಒಂದು ಹಸಿರು ಸೀರೆ ತೆಗೆದು ಉಡಲು ಕೊಟ್ಟಿದ್ದರು. ಅಲಮಾರಿಯಿಂದ ತೆಗೆದ ಗಿಟಾರನ್ನು ಶಕುಂತಲಾ ಈ ಸಲ ಕೌದಿ ಸುತ್ತದೆಯೇ ಹಿಡಿದಿದ್ದಳು. ಬಕ್ಕಪ್ಪ ನಿಲ್ದಾಣಕ್ಕೆ ಬರಲಿಲ್ಲ. ಹುಮನಾಬಾದ್ ಮುಟ್ಟುವವರೆಗೂ ಸೂಗಮ್ಮ ಸೊಸೆಯ ಕೈ ಬಿಡಲಿಲ್ಲ.

*

ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ದಿಗಂಬರ ಗೋಡೆಗೆ ಒರಗಿಸಿದ ಏಣಿಯ ಮೇಲೆ ನಿಂತು ಒಂದು ಸ್ಪೀಕರ್ ಇಳಿಸುತ್ತಿದ್ದ. ಗಡ್ಡ ಬಿಟ್ಟಿದ್ದ, ಸೊರಗಿದ್ದ. ಹೆಜ್ಜೆ ಸಪ್ಪಳಕ್ಕೆ ತಿರುಗಿದವನು ಹಸಿರು ಸೀರೆಯಲ್ಲಿ ನಿಂತವಳನ್ನು ಕಂಡು ಏಣಿಯ ಮೇಲೇ ನಿಂತುಬಿಟ್ಟ.

ಸೂಗಮ್ಮ ಅವನನ್ನು ನೋಡಿ, ನಿನಗೆ ನಮ್ಮ ಮನೆಯಲ್ಲಿ ಸುಳ್ಳು ಹೇಳಿದೆವು, ತಪ್ಪಾಯಿತು, ಇನ್ನು ಈಕಿಯ ಮಾತು ಈಕಿಯೇ ಹೇಳುತ್ತಾಳೆ ಎಂದು ಹೇಳಿ ಒಳಗೆ ಮಾಣಿಕಮ್ಮನ ಕಡೆ ನಡೆದರು.

ಇಬ್ಬರೇ ಉಳಿದರು. ಅವನು ನಿಧಾನವಾಗಿ ಇಳಿದು ಬಂದ.

"ನನ್ನ ಬಾಯಿಂದ ನಿಮಗ ತ್ರಾಸ ಆತು," ಎಂದ. "ಗೊತ್ತಿದ್ದಿಲ್ರಿ. ಒಂದು ಚೀಟಿ ಬರದು ಮಾಫಿ ಕೇಳಬೇಕಂದೆ. ಅದರಿಂದ ಮತ್ತ ತ್ರಾಸ ಆದ್ರ ಹ್ಯಾಂಗ ಅಂತ ಹರದು ಒಗದೆ."

"ನಾ ನಿಮಗ ದಿನಾ ಬೈದೀನ್ರಿ. ಐದು ತಿಂಗಳು."

"ಬೈಬೇಕಾಗಿತ್ತು. ಬೈದಾದ್ರೂ ನೆನಸಿದ್ರಲ್ಲ…"

ಶಕುಂತಲಾಗೆ ನಗು ಬಂತು, ಅದರ ಬೆನ್ನಿಗೇ ಕಣ್ಣು ತುಂಬಿತು. "ಅವತ್ತು ನಾ ಒಲ್ಲೆ ಅಂದಿದ್ದಿಲ್ಲ. ನನ್ನ ಯಾರೂ ಕೇಳೇ ಇದ್ದಿಲ್ಲ."

ದಿಗಂಬರ ಉಸಿರು ಬಿಟ್ಟ. ಆ ಉಸಿರು ಐದು ತಿಂಗಳಿನಿಂದ ಒಳಗೇ ನಿಂತಿತ್ತೇನೋ ಎನ್ನುವಂತಿತ್ತು. ಕೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ತಡೆಯಿತು. ಒಳಗಿನಿಂದ ಮಾಣಿಕಮ್ಮ ರೊಟ್ಟಿ ಬಡಿಯುವ ಸಪ್ಪಳ ಬಂತು, ಅದರ ನಡುವೆ ಸೂಗಮ್ಮನ ದನಿ.

"ಅಕ್ಕ ಅಡಿಗಿ ಮಾಡಾಕತ್ತಾಳ," ಎಂದ ಅವನು ಕೊನೆಗೆ, ಕಣ್ಣು ಕೆಳಗೆ ಮಾಡಿ. "ಬಿಸಿಬಿಸಿ ಅದ. ಉಂಡು ಹೋಗ್ರಿ."

ಶಕುಂತಲಾ ಹೊಸ್ತಿಲು ದಾಟಿ ಒಳಗೆ ಬಂದಳು.

"ನಾ ಹೋಗಾಕ ಬಂದಿಲ್ರಿ."